ಡಾಕ್ಟರಿಗೆ ಹನ್ನೆರಡು ಸ್ಲೈಡು

ಎದುರಿಗೆ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಸೂಪರಣ್ಣ ಎನ್ನುತ್ತಿದ್ದರು. ಹೇಗಿದ್ದೀರಿ ಎಂದು ಯಾರೇ ಕೇಳಲಿ, ಕೇಳಿದವರು ಬಾಯಿ ಮುಚ್ಚುವ ಮೊದಲೇ ‘ಸೂಪರ್!’ ಎಂದುಬಿಡುತ್ತಿದ್ದ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ‘ಹೂಹರ್’ ಎಂದಿದ್ದ. ಆ ಹೆಸರು ಬಿದ್ದದ್ದು ಅವತ್ತೇ.

ಅವನಿಗೆ ಮೂವತ್ತಾರು ವರ್ಷ. ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವನ ಕಂಪನಿ ಇತ್ತು. ಏಳು ಜನ, ಎರಡು ಕಿಟಕಿ, ಎರಡು ಗಾಜಿನ ಕೋಣೆ, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಕಾಫಿ ಯಂತ್ರ. ಅವರು ತಯಾರಿಸುತ್ತಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಅದನ್ನು ಅಂಗಡಿಯ ಫ್ರೀಜರಿನೊಳಗೆ ಅಂಟಿಸಿದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದಾಗ ಮಾಲೀಕರ ಫೋನಿಗೆ ಸುದ್ದಿ ಹೋಗುತ್ತಿತ್ತು. ಸುದ್ದಿ ಬಂದ ಮಾಲೀಕರು ಓಡಿಹೋಗಿ ಬಾಗಿಲು ಮುಚ್ಚಬೇಕು. ಮುಚ್ಚುತ್ತಿದ್ದರೋ ಇಲ್ಲವೋ, ಕಂಪನಿಗೆ ಫೋನು ಮಾಡಿ ಬೈಯುವುದನ್ನಂತೂ ತಪ್ಪಿಸುತ್ತಿರಲಿಲ್ಲ. ಬೈಗುಳ ಕೇಳಿಸಿಕೊಳ್ಳಲು ಫೋನಕ್ಕ ಇದ್ದರು. ಅವರು ಹಿಂದೆ ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವರು. ಯಾವ ಬೈಗುಳವೂ ಅವರಿಗೆ ಹೊಸದಾಗಿರಲಿಲ್ಲ.

ಕಂಪನಿಯ ಇನ್ನೊಬ್ಬ ಪಾಲುದಾರನ ಹೆಸರು ಕಡ್ಡಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಕಾಲದಿಂದಲೂ ಆ ಹೆಸರು, ಆ ಮೈಕಟ್ಟು ಎರಡೂ ಹಾಗೇ ಉಳಿದಿದ್ದವು. ಕಡ್ಡಿ ವಿಮಾ ಕಚೇರಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು. ಬಸ್ ನಿಲ್ದಾಣದಲ್ಲಿ ಸೂಪರಣ್ಣ ಎರಡು ಗಂಟೆ ನಿಂತು, ಮೂರು ಬಸ್ಸು ತಪ್ಪಿಸಿ, ಅವನ ತಲೆ ಕೆಡಿಸಿ ಆ ಕೆಲಸ ಬಿಡಿಸಿದ್ದ. ಬಿಟ್ಟು ಐದು ವರ್ಷವಾಗಿತ್ತು. ಕಡ್ಡಿಗೆ ಒಂದು ಹಟವಿತ್ತು: ಯಾವ ಹೊಸ ಸಾಮಾನು ಮಾಡುವ ಮೊದಲೂ ಅದನ್ನು ಕೊಳ್ಳುವ ಗಿರಾಕಿಯ ಚಿತ್ರವನ್ನು ಬಿಳಿ ಹಲಗೆಯ ಮೇಲೆ ಬರೆಯಬೇಕು. ಅವನ ವಯಸ್ಸೆಷ್ಟು, ಎಷ್ಟು ಹೊತ್ತಿಗೆ ಏಳುತ್ತಾನೆ, ಏನು ಚಿಂತೆ ಮಾಡುತ್ತಾನೆ, ಮಲಗುವ ತನಕ ಏನೇನು ಮಾಡುತ್ತಾನೆ, ಎಲ್ಲ ಬರೆಯಬೇಕು. ಅದಾಗದೆ ಒಂದು ಸ್ಕ್ರೂ ಕೂಡ ತಿರುಗಿಸುವಂತಿರಲಿಲ್ಲ.

ಸೂಪರಣ್ಣನಿಗೆ ಏನೋ ಆಗಿತ್ತು. ಆಗಿ ಎಂಟು ತಿಂಗಳು ಕಳೆದಿತ್ತು. ಜ್ವರವಿಲ್ಲ, ನೋವಿಲ್ಲ. ಬೆಳಿಗ್ಗೆ ಎದ್ದರೆ ಯಾವ ಕಾಲುಚೀಲ ಹಾಕಿಕೊಳ್ಳಬೇಕೆಂದು ತೀರ್ಮಾನಿಸಲು ಕಾಲು ಗಂಟೆ ಬೇಕಾಗುತ್ತಿತ್ತು. ಇದ್ದದ್ದು ಎಲ್ಲವೂ ಕಪ್ಪು ಕಾಲುಚೀಲವೇ. ಊಟ ರಟ್ಟಿನ ಹಾಗೆ ಇರುತ್ತಿತ್ತು. ಕಟ್ಟಡದ ಕೆಳಗೆ ಕಾರು ನಿಲ್ಲಿಸಿದ ಮೇಲೆ ಸ್ಟೀರಿಂಗ್ ಹಿಡಿದುಕೊಂಡು ನಲವತ್ತು ನಿಮಿಷ ಹಾಗೇ ಕೂತಿರುತ್ತಿದ್ದ. ಸಾಹೇಬರು ಯಾವುದೋ ದೊಡ್ಡ ಮೀಟಿಂಗಿನಲ್ಲಿದ್ದಾರೆ ಎಂದುಕೊಂಡ ಕಾವಲುಗಾರ ಕಾರಿನ ಸುತ್ತ ಯಾರೂ ಹಾರ್ನ್ ಹೊಡೆಯದಂತೆ ನೋಡಿಕೊಳ್ಳುತ್ತಿದ್ದ. ಮೇಲೆ ಹೋದ ಮೇಲೆ ಸೂಪರಣ್ಣ ಹೊರಗಿನವರಿಗೆ ಪತ್ರ ಬರೆಯುತ್ತಿದ್ದ. ಪ್ರತಿ ಪತ್ರದಲ್ಲೂ ಕನಿಷ್ಠ ಮೂರು ಆಶ್ಚರ್ಯಸೂಚಕ ಚಿಹ್ನೆ ಇದೆಯೇ ಎಂದು ಎಣಿಸಿ ನೋಡಿ ಕಳಿಸುತ್ತಿದ್ದ. ಎರಡೇ ಇದ್ದರೆ ಅನುಮಾನ ಬಂದೀತು ಎಂಬ ಭಯ.

ಗಾಜಿನ ಕೋಣೆಗಳಲ್ಲಿ ಚಿಕ್ಕದು ಫೋನಿನಲ್ಲಿ ಮಾತಾಡುವುದಕ್ಕೆ ಇತ್ತು. ಒಬ್ಬರು ನಿಂತರೆ ಅದು ತುಂಬಿಹೋಗುತ್ತಿತ್ತು. ಯಾರ ಮುಖವನ್ನೂ ನೋಡಲಾಗದ ಹೊತ್ತಿನಲ್ಲಿ ಸೂಪರಣ್ಣ ಅದರೊಳಗೆ ಹೋಗಿ, ಫೋನು ಕಿವಿಗಿಟ್ಟುಕೊಂಡು, ಹೂಡಿಕೆದಾರರ ಜೊತೆ ಮಾತಾಡುವವನಂತೆ ತುಟಿ ಅಲ್ಲಾಡಿಸುತ್ತ ನಿಂತಿರುತ್ತಿದ್ದ. ನಡುನಡುವೆ ನಗುತ್ತಿದ್ದ. ಕೈ ಬೀಸುತ್ತಿದ್ದ. ಆ ಕಡೆ ಯಾರೂ ಇರುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಆ ಕೋಣೆಯಲ್ಲಿ ಹಾಗೆ ಜೋರಾಗಿ ನಗುತ್ತಿದ್ದಾಗ, ಕಿವಿಗಿಟ್ಟುಕೊಂಡ ಫೋನು ಗಣಗಣ ಹೊಡೆದುಕೊಂಡಿತು.

ಸೂಪರಣ್ಣ ಬಿಸಿ ಪಾತ್ರೆ ಮುಟ್ಟಿದವನಂತೆ ಹಾರಿ, ಹಿಂದಿನ ಗಾಜಿಗೆ ತಲೆ ಚಚ್ಚಿಕೊಂಡ. ನೋಡಿದರೆ ಕರೆ ಫೋನಕ್ಕನದು. ಗಾಜಿನಾಚೆ ಹತ್ತು ಹೆಜ್ಜೆ ದೂರದಲ್ಲಿ ಅವರು ಫೋನು ಹಿಡಿದುಕೊಂಡು ಇವನನ್ನೇ ನೋಡುತ್ತಿದ್ದರು. ಆಮೇಲೆ ಅವರು ಫೋನು ಇಟ್ಟು, ಎದ್ದು ಬಂದು, ಬಾಗಿಲು ಒಂದು ಗೇಣಿನಷ್ಟು ತೆರೆದರು.

‘ಸಾರ್, ಹಾಲಿನಂಗಡಿಯವರು ನಿಮ್ಮನ್ನೇ ಕೇಳ್ತಿದಾರೆ. ಬೈಯೋಕೆ. ಬೇರೆ ಯಾರನ್ನೂ ಬೈಯಲ್ವಂತೆ.’

‘ನಾನು... ಒಂದು ಮುಖ್ಯವಾದ ಕಾಲ್‌ನಲ್ಲಿದ್ದೆ.’

‘ಗೊತ್ತಾಯ್ತು ಸಾರ್. ಆದ್ರೆ ಕಾಲ್‌ನಲ್ಲಿದ್ದಾಗ ಫೋನು ಹೀಗೆ ಜೋರಾಗಿ ಹೊಡ್ಕೊಳ್ಳಲ್ಲ.’

ಸೂಪರಣ್ಣ ತಲೆ ಸವರಿಕೊಂಡ. ತಲೆಯ ಹಿಂದೆ ಬುಗುಟು ಏಳುತ್ತಿತ್ತು. ಫೋನಕ್ಕ ಜೇಬಿನಿಂದ ಒಂದು ಚೀಟಿ ತೆಗೆದು, ಅದರ ಮೇಲೆ ಒಂದು ನಂಬರು ಬರೆದು ಅವನ ಅಂಗೈಯಲ್ಲಿಟ್ಟರು.

‘ನನ್ನ ಡಾಕ್ಟ್ರು. ನಮ್ಮನೆಯವರು ಹೋದ್ಮೇಲೆ ನಾನು ಎರಡು ವರ್ಷ ಹೋಗ್ತಿದ್ದೆ. ಮನಸ್ಸಿನ ಡಾಕ್ಟ್ರು. ಕಚ್ಚಲ್ಲ. ಹೋಗಿ ಬನ್ನಿ. ಹಾಲಿನಂಗಡಿಯವರಿಗೆ ನಾನು ಏನಾದ್ರೂ ಹೇಳ್ಕೋತೀನಿ.’

ಡಾಕ್ಟರು ಗುರುವಾರ ಮಧ್ಯಾಹ್ನ ಬರಲು ಹೇಳಿದರು. ಅಲ್ಲಿಯವರೆಗಿದ್ದ ಎರಡು ದಿನವನ್ನು ಸೂಪರಣ್ಣ ವ್ಯರ್ಥ ಮಾಡಲಿಲ್ಲ. ಹೊಸಬರ ಎದುರು ಕೂತು ವಿಷಯ ಹೇಳುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಹನ್ನೆರಡು ಸ್ಲೈಡು ಸಿದ್ಧ ಮಾಡಿದ.

ಡಾಕ್ಟರು ಐವತ್ತು ದಾಟಿದ ಹೆಂಗಸು. ಅವರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಕಾಗದದ ಕರವಸ್ತ್ರದ ಒಂದು ಪೆಟ್ಟಿಗೆ, ಇಷ್ಟೇ ಇದ್ದವು. ಸೂಪರಣ್ಣ ಗೋಡೆ ಪೂರ್ತಿ ಕಣ್ಣಾಡಿಸಿ, ‘ಪರದೆ ಇಲ್ವಾ ಡಾಕ್ಟ್ರೇ?’ ಎಂದು ಕೇಳಿದ.

‘ಕಿಟಕಿಗಾ?’

‘ಅಲ್ಲ, ತೋರ್ಸೋಕೆ. ಪರವಾಗಿಲ್ಲ, ಲ್ಯಾಪ್‌ಟಾಪಿನಲ್ಲೇ ನೋಡಬಹುದು.’ ಕರವಸ್ತ್ರದ ಪೆಟ್ಟಿಗೆ ಸರಿಸಿ ಲ್ಯಾಪ್‌ಟಾಪು ಇಟ್ಟ. ಎದ್ದು ನಿಂತ. ‘ಮೊದಲಿಗೆ, ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನಾನು ಹತ್ತೇ ನಿಮಿಷ ತಗೋತೀನಿ. ಪ್ರಶ್ನೆಗಳು ಕೊನೆಗೆ.’

ಡಾಕ್ಟರು ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತವರು. ಅಳುವವರನ್ನು, ಕಿರುಚುವವರನ್ನು, ಒಂದು ಮಾತೂ ಆಡದವರನ್ನು ನೋಡಿದ್ದರು. ಇಂಥವನನ್ನು ನೋಡಿರಲಿಲ್ಲ. ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, ‘ಆಗಲಿ’ ಎಂದರು.

ಮೊದಲನೆಯ ಸ್ಲೈಡು: ‘ನಾನು: ಒಂದು ಕಿರುಪರಿಚಯ’. ಎರಡನೆಯದು ಸಮಸ್ಯೆ. ಮೂರನೆಯದರಲ್ಲಿ ನಿದ್ದೆಯ ಗಂಟೆಗಳ ಗೆರೆ ಇತ್ತು. ಇಳಿತ ಚಿಕ್ಕದಾಗಿ ಕಾಣಲೆಂದು ಅಳತೆಯನ್ನು ಹಿಗ್ಗಿಸಿದ್ದ. ಐದನೆಯದರಲ್ಲಿ ತನ್ನ ಸ್ಥಿತಿಯನ್ನು ತನ್ನಂಥ ಬೇರೆ ಕಂಪನಿಗಳ ಯಜಮಾನರ ಸ್ಥಿತಿಗೆ ಹೋಲಿಸಿ, ತಾನು ಸರಾಸರಿಗಿಂತ ಮೇಲಿದ್ದೇನೆ ಎಂದು ತೋರಿಸಿದ್ದ. ಏಳನೆಯದರ ತಲೆಬರಹ ‘ನಮ್ಮ ತಂಡ’. ಅದರಲ್ಲಿ ಅವನದೊಂದೇ ಫೋಟೊ ಇತ್ತು, ಪಕ್ಕದಲ್ಲಿ ಖಾಲಿ ಜಾಗ. ಹನ್ನೊಂದನೆಯದರಲ್ಲಿ ಒಂದು ಹಸಿರು ಗೆರೆ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ನೆಟ್ಟಗೆ ಏರಿತ್ತು.

‘ಇದೇನು?’ ಎಂದು ಡಾಕ್ಟರು ಕೇಳಿದರು. ಪ್ರಶ್ನೆಗಳು ಕೊನೆಗೆ ಎಂಬುದನ್ನು ಮರೆತಿದ್ದರು.

‘ನನ್ನ ಸಂತೋಷ. ಮುಂದಿನ ಮೂರು ತಿಂಗಳದು.’

‘ಮುಂದಿನದು ನಿಮಗೆ ಹೇಗೆ ಗೊತ್ತು?’

‘ಗೊತ್ತಿಲ್ಲ. ಆದ್ರೆ ಮೇಲೆ ಹೋಗೋ ಗೆರೆ ಇಲ್ದೆ ಯಾರೂ ಒಪ್ಪಲ್ಲ, ಡಾಕ್ಟ್ರೇ.’

‘ಯಾರು ಒಪ್ಪಬೇಕು?’

ಸೂಪರಣ್ಣ ಹನ್ನೆರಡನೆಯ ಸ್ಲೈಡಿಗೆ ಹೋಗಲು ಬೆರಳೆತ್ತಿದ. ಡಾಕ್ಟರು ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಕರವಸ್ತ್ರದ ಪೆಟ್ಟಿಗೆಯನ್ನು ಮತ್ತೆ ಮೊದಲಿನ ಜಾಗಕ್ಕಿಟ್ಟರು.

‘ಕೂತ್ಕೊಳ್ಳಿ. ಒಂದು ನೇರವಾದ ಪ್ರಶ್ನೆ ಕೇಳ್ತೀನಿ. ಸಾಯಬೇಕು ಅಂತ ಅನಿಸಿದೆಯಾ?’

‘ಇಲ್ಲ.’ ಅವನು ಕೂತ. ‘ಆದ್ರೆ... ಕಾಲು ಮುರಿದ್ರೆ ಚೆನ್ನಾಗಿರುತ್ತೆ ಅನಿಸಿದೆ. ಆಸ್ಪತ್ರೇಲಿ ಒಂದು ತಿಂಗಳು ಮಲಗಿರಬಹುದು. ಯಾರೂ ಏನೂ ಕೇಳಲ್ಲ. ಎಡಗಾಲು.’

‘ಎಡಗಾಲೇ ಯಾಕೆ?’

‘ಬಲಗಾಲು ಬ್ರೇಕಿಗೆ ಬೇಕಲ್ಲ.’

ಡಾಕ್ಟರು ಅಲ್ಲಿಯತನಕ ಒಂದಕ್ಷರವೂ ಬರೆದುಕೊಂಡಿರಲಿಲ್ಲ. ಈಗ ಪೆನ್ನು ತೆಗೆದು ಇದನ್ನು ಬರೆದುಕೊಂಡರು. ಆಮೇಲೆ ಅರ್ಧ ಗಂಟೆ ಅವರು ಕೇಳಿದರು, ಇವನು ಹೇಳಿದ: ಕಾಲುಚೀಲ, ಕಾರು, ಆಶ್ಚರ್ಯಸೂಚಕ ಚಿಹ್ನೆ. ಹನ್ನೆರಡು ಸ್ಲೈಡಿನಲ್ಲಿ ಇದರ ಸುಳಿವೇ ಇರಲಿಲ್ಲ.

‘ಇದಕ್ಕೆ ಖಿನ್ನತೆ ಅಂತಾರೆ. ಕಾಯಿಲೆ. ಔಷಧಿ ಇದೆ, ವಾಸಿಯಾಗುತ್ತೆ. ಆದ್ರೆ ನಿಮ್ಮ ಗೆರೆ ಥರ ನೆಟ್ಟಗೆ ಮೇಲೆ ಹೋಗಲ್ಲ, ಏಳುತ್ತೆ ಬೀಳುತ್ತೆ’ ಎಂದರು ಡಾಕ್ಟರು. ‘ಮೊದಲ ಕೆಲವು ವಾರ ನಿಮ್ಮನ್ನ ಗಮನಿಸೋಕೆ ಹತ್ತಿರದವರು ಒಬ್ಬರು ಬೇಕು. ಇದು ಯಾರಿಗೆ ಗೊತ್ತು?’

‘ನಮ್ಮ ಆಫೀಸಿನ ಫೋನಕ್ಕನಿಗೆ. ನಿಮಗೆ.’

‘ಅವರು ನಿಮ್ಮ ಹತ್ರ ಸಂಬಳಕ್ಕಿರೋರು, ಅವರ ಮೇಲೆ ಈ ಭಾರ ಹಾಕಬೇಡಿ. ಮುಂದಿನ ಗುರುವಾರ ಬರುವಾಗ ನಿಮ್ಮವರು ಅಂತ ಒಬ್ಬರನ್ನ ಕರ್ಕೊಂಡು ಬನ್ನಿ. ಅಷ್ಟರೊಳಗೆ ನೀವೇ ಅವರಿಗೆ ಎಲ್ಲಾ ಹೇಳಿರಬೇಕು. ಬಾಯಲ್ಲಿ. ಇದು’ ಎಂದು ಲ್ಯಾಪ್‌ಟಾಪನ್ನು ತಟ್ಟಿ, ‘ಮನೇಲಿರಲಿ’ ಎಂದರು.

ಸೂಪರಣ್ಣನಿಗೆ ಇದು ಗುಳಿಗೆಗಿಂತ ಕಹಿಯಾಗಿತ್ತು. ಹೇಳುವುದಾದರೆ ಇಬ್ಬರೇ ಇದ್ದರು, ಹೆಂಡತಿ ಮತ್ತು ಕಡ್ಡಿ. ಕಡ್ಡಿಗೆ ಹೇಳುವಂತಿರಲಿಲ್ಲ. ಒಳ್ಳೆಯ ಕೆಲಸ ಬಿಡಿಸಿ ಕರೆತಂದವನು ತಾನು. ಈಗ ‘ಲೋ, ನನ್ನ ಕೈಲಿ ಆಗ್ತಿಲ್ಲ’ ಎಂದರೆ ಅವನ ಗತಿಯೇನು? ಹಾಗಾಗಿ ಹೆಂಡತಿಯೇ ಸರಿ ಎಂದುಕೊಂಡ.

ಹೆಂಡತಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಸೂಪರಣ್ಣನಿಗೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಹಾಗಾಗಿ ಶುಕ್ರವಾರ ಕಚೇರಿಯಿಂದ ಅವಳ ಫೋನಿನ ಕ್ಯಾಲೆಂಡರಿಗೆ ಒಂದು ಆಹ್ವಾನ ಕಳಿಸಿದ: ‘ಭಾನುವಾರ ಬೆಳಿಗ್ಗೆ ಹನ್ನೊಂದು. ಮೂವತ್ತು ನಿಮಿಷ. ಸ್ಥಳ: ಅಡುಗೆಮನೆ. ವಿಷಯ: ನಮ್ಮಿಬ್ಬರ ಬಗ್ಗೆ ಒಂದು ಮುಖ್ಯ ಮಾತು.’

ಭಾನುವಾರ ಹನ್ನೊಂದಕ್ಕೆ ಅವನು ಅಡುಗೆಮನೆಗೆ ಬಂದಾಗ ಅವಳು ಮೇಜಿನ ಆ ಬದಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು, ತಲೆ ಬಾಚಿಕೊಂಡಿದ್ದಳು. ಎದುರಿಗೆ ಮದುವೆಯ ಪ್ರಮಾಣಪತ್ರ ಇತ್ತು.

‘ಬಂದಿದ್ದಕ್ಕೆ ಧನ್ಯವಾದ’ ಎಂದ ಸೂಪರಣ್ಣ, ಅಭ್ಯಾಸಬಲದಿಂದ.

‘ಯಾರ್ರೀ ಅವಳು?’

‘ಯಾರು?’

‘ನನ್ನನ್ನ ಕೇಳ್ತೀರಾ? ಎಂಟು ತಿಂಗಳಿಂದ ನೋಡ್ತಿದೀನಿ. ಮಾತಿಲ್ಲ, ಕತೆಯಿಲ್ಲ. ಹತ್ರ ಬಂದ್ರೆ ಗೋಡೆ ಕಡೆ ತಿರುಗ್ತೀರಿ. ಆಫೀಸಿಗೆ ಫೋನ್ ಮಾಡಿದ್ರೆ ಹೊರಟು ಒಂದು ಗಂಟೆ ಆದ್ರೂ ತಲುಪಿರಲ್ಲ. ಎಲ್ಲಿರ್ತೀರಿ ಆ ಒಂದು ಗಂಟೆ?’

‘ಕಾರಲ್ಲಿ.’

‘ಯಾರ ಜೊತೆ?’

‘ಒಬ್ಬನೇ. ಸುಮ್ನೆ ಕೂತಿರ್ತೀನಿ ಕಣೇ. ಇಳಿಯೋಕಾಗಲ್ಲ. ಡಾಕ್ಟ್ರ ಹತ್ರ ಹೋಗಿದ್ದೆ. ಖಿನ್ನತೆ ಅಂದ್ರು.’

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಅವನು ಸುಳ್ಳು ಹೇಳುವಾಗ ಎಡಗಣ್ಣು ಕಿರಿದಾಗುವುದು ಅವಳಿಗೆ ಗೊತ್ತಿತ್ತು. ಕಿರಿದಾಗಿರಲಿಲ್ಲ.

‘ಅಂದ್ರೆ ಬೇರೆ ಯಾರೂ ಇಲ್ಲ?’

‘ಇಲ್ವೇ ಇಲ್ಲ.’

‘ಅಷ್ಟೇನಾ!’ ಎಂದು ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ಅವನ ಭುಜಕ್ಕೆ ಎರಡು ಗುದ್ದು ಕೊಟ್ಟಳು. ‘ಎರಡು ದಿನದಿಂದ ಹೊಟ್ಟೆಗೆ ಏನೂ ಹೋಗಿಲ್ಲ ನನಗೆ. ಅಮ್ಮನಿಗೆ ಫೋನ್ ಮಾಡಿ ಸಾಮಾನು ಕಟ್ತೀನಿ ಅಂದುಬಿಟ್ಟಿದ್ದೆ. ತಾಳಿ, ಹೇಳಿಬಿಡ್ತೀನಿ.’ ಅಮ್ಮನಿಗೆ ಫೋನು ಮಾಡಿ, ‘ಏನಿಲ್ಲಮ್ಮ, ಬರೀ ಖಿನ್ನತೆಯಂತೆ!’ ಎಂದು ಸಂಭ್ರಮದಿಂದ ಹೇಳಿದಳು. ಆ ಕಡೆಯಿಂದಲೂ ‘ಸದ್ಯ!’ ಎಂಬ ನಿಟ್ಟುಸಿರು ಕೇಳಿಸಿತು.

ಸೂಪರಣ್ಣ ಅಡುಗೆಮನೆಯಲ್ಲಿ ನಿಂತೇ ಇದ್ದ. ಹೇಳಿದ್ದಾಗಿತ್ತು. ಆದರೆ ಹೇಳಿದ ಹಾಗೆ ಅನಿಸಲಿಲ್ಲ. ಹೆಂಡತಿ ಅಷ್ಟು ಖುಷಿಯಾಗಿರುವಾಗ ‘ಅಷ್ಟೇ ಅಲ್ಲ’ ಎಂದು ಮತ್ತೆ ಶುರು ಮಾಡುವ ಧೈರ್ಯ ಅವನಿಗೆ ಬರಲಿಲ್ಲ.

ಹಾಗೆ ಉಳಿದವನು ಕಡ್ಡಿ. ಸೋಮವಾರ ಬೆಳಿಗ್ಗೆ ಅವನನ್ನು ದೊಡ್ಡ ಗಾಜಿನ ಕೋಣೆಗೆ ಕರೆದ. ಕಾಯಿಲೆ ತನಗೇ ಎನ್ನಲು ನಾಲಿಗೆ ಏಳಲಿಲ್ಲ. ಸುತ್ತಿ ಬಳಸಿ ಹೊರಟ.

‘ಲೋ, ನನಗೆ ಗೊತ್ತಿರೋ ಒಬ್ಬ ಇದಾನೆ. ನಮ್ಮ ಥರಾನೇ ಕಂಪನಿ ಇಟ್ಟಿದಾನೆ. ಅವನಿಗೆ ಯಾಕೋ ಎಂಟು ತಿಂಗಳಿಂದ ಏನೂ ಬೇಡ ಅನಿಸ್ತಿದೆ. ಬೆಳಿಗ್ಗೆ ಕಾರಿಂದ ಇಳಿಯೋಕಾಗಲ್ಲ. ಎಲ್ಲರ ಮುಂದೆ ಚೆನ್ನಾಗಿದೀನಿ ಅಂತ ನಾಟಕ ಆಡ್ತಾನೆ.’

ಕಡ್ಡಿ ಕುರ್ಚಿಯಲ್ಲಿ ನೆಟ್ಟಗಾದ. ‘ಇಂಥವರು ಎಷ್ಟು ಜನ ಇರಬಹುದು?’

‘ಎಷ್ಟು ಜನ ಅಂದ್ರೆ?’

‘ಊರಿಗೆ ಸಾವಿರ? ಎರಡು ಸಾವಿರ? ಲೋ, ಇದು ಫ್ರೀಜರ್‌ಗಿಂತ ದೊಡ್ಡದು ಕಣೋ! ಎದ್ದಿಲ್ಲ ಅಂದ್ರೆ ಹತ್ತಿರದವರ ಫೋನಿಗೆ ಸುದ್ದಿ ಹೋಗೋ ಹಾಗೆ ಏನಾದ್ರೂ ಮಾಡಬಹುದು. ನಮ್ಮ ಡಬ್ಬೀನೇ ದಿಂಬಿಗೆ ಅಂಟಿಸಿದ್ರೆ?’ ಎಂದವನು ಪೆನ್ನು ಹಿಡಿದು ಆಗಲೇ ಹಲಗೆಯ ಮೇಲೆ ಒಂದು ದುಂಡು ತಲೆ, ಎರಡು ಕೈ ಬರೆದಾಗಿತ್ತು. ‘ವಯಸ್ಸು ಹೇಳು.’

‘ಮೂವತ್ತಾರು’ ಎಂದ ಸೂಪರಣ್ಣ, ಸೋತ ದನಿಯಲ್ಲಿ.

ಅಷ್ಟರಲ್ಲಿ ಫೋನಕ್ಕ ಬಾಗಿಲು ತಟ್ಟಿ, ಹಾಲಿನಂಗಡಿಯವರು ಮತ್ತೆ ಬೈಯಲು ಕಾಯುತ್ತಿದ್ದಾರೆ ಎಂದರು. ಸೂಪರಣ್ಣ ಹೋಗಿ ಹದಿನೈದು ನಿಮಿಷ ಬೈಸಿಕೊಂಡ. ಹಿಂದಿರುಗಿದಾಗ ಹಲಗೆ ತುಂಬಿತ್ತು. ಕಡ್ಡಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ಸೂಪರಣ್ಣ ಮೇಲಿನಿಂದ ಓದುತ್ತ ಬಂದ. ಕಾರಿನಲ್ಲಿ ಕೂತಿರುತ್ತಾನೆ. ಸರಿ, ಅದು ತಾನು ಹೇಳಿದ್ದು. ‘ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯಲ್ಲಿ ನಿಂತು ಮುಖ ಸರಿ ಮಾಡಿಕೊಳ್ಳುತ್ತಾನೆ.’ ಇದನ್ನು ಹೇಳಿರಲಿಲ್ಲ. ‘ಸ್ನಾನಕ್ಕೆ ಹೋಗಿ ನಲ್ಲಿ ತಿರುಗಿಸಿಟ್ಟು, ನೀಲಿ ಬಕೆಟ್ಟು ಮಗುಚಿ ಅದರ ಮೇಲೆ ಕೂತು ಅಳುತ್ತಾನೆ. ನೀರಿನ ಸದ್ದಿಗೆ ಹೊರಗೆ ಕೇಳಿಸುವುದಿಲ್ಲ.’ ಕೊನೆಯ ಸಾಲು ಹಲಗೆಯ ಅಂಚಿನಲ್ಲಿ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿತ್ತು: ‘ಪಾಲುದಾರನಿಗೆ ಹೇಳುವಂತಿಲ್ಲ. ಅವನು ಯಾವಾಗಲೂ ಸೂಪರ್ ಆಗಿರುತ್ತಾನೆ.’

‘ಕಡ್ಡಿ.’

‘ಹೂಂ.’

‘ಬಕೆಟ್ಟಿನ ಮಾತು ನಾನು ಹೇಳಲಿಲ್ಲ.’

‘ಹೇಳಿದ್ಯಪ್ಪ.’

‘ಇಲ್ಲ.’

‘ಹಾಗಾದ್ರೆ ಊಹೆ ಮಾಡ್ಕೊಂಡೆ. ಗಿರಾಕಿ ಬಗ್ಗೆ ಊಹೆ ಮಾಡ್ಕೋಬೇಕಲ್ಲ.’

‘ಬಣ್ಣ ಕೂಡ ಬರೆದಿದೀಯ.’

ಕಡ್ಡಿ ಪೆನ್ನಿನ ಮುಚ್ಚಳ ಹಾಕಲು ನೋಡಿದ. ಮೂರು ಸಲ ತಪ್ಪಿತು. ಸೂಪರಣ್ಣ ಹತ್ತಿರ ಹೋಗಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

‘ಕಾರಿನವನು ನಾನೇ ಕಣೋ’ ಎಂದ. ‘ಬೇರೆ ಯಾರೂ ಅಲ್ಲ. ನಿನ್ನನ್ನ ಬಸ್‌ಸ್ಟಾಪಿಂದ ಎಳ್ಕೊಂಡು ಬಂದವನು ಈಗ ಕಾರಿಂದ ಇಳಿಯೋಕಾಗದೆ ಕೂತಿದೀನಿ. ಅದಕ್ಕೇ ಹೇಳೋಕಾಗಲಿಲ್ಲ.’

‘ನೀನಾ? ನೀನು ದಿನಾ ಹೂಡಿಕೆದಾರರ ಜೊತೆ ಅಷ್ಟೊಂದು ನಗ್ತಾ ಮಾತಾಡ್ತೀಯಲ್ಲೋ, ಆ ಕೋಣೇಲಿ!’

‘ಆ ಕಡೆ ಯಾರೂ ಇರಲ್ಲ.’

ಕಡ್ಡಿ ಅವನನ್ನು ನೋಡಿದ. ಮುಖ ಅಳುವುದಕ್ಕೆ ಹೊರಟದ್ದು ದಾರಿ ತಪ್ಪಿ ನಗುವಿಗೆ ಬಂತು. ‘ಥೂ ನಿನ್ನ! ನಿನ್ನ ನಗು ಕೇಳಿ ಕೇಳಿ ನನಗೊಬ್ಬನಿಗೇ ಹೀಗಾಗಿದೆ ಅಂದ್ಕೊಂಡಿದ್ದೆ. ನಾನು ಹೇಳಿದ್ರೆ ನಿನ್ನ ಉತ್ಸಾಹ ಹಾಳಾಗುತ್ತೆ ಅಂತ ಸುಮ್ನಿದ್ದೆ. ಯಾವುದೋ ಸತ್ತ ಫೋನಿಗೆ ಹೆದರಿ ಬಕೆಟ್ ಮೇಲೆ ಕೂತ್ನಲ್ಲೋ ಇಷ್ಟು ದಿನ!’

ಇಬ್ಬರೂ ಮೇಜು ಹಿಡಿದುಕೊಂಡು ನಕ್ಕರು, ನಗುತ್ತಿದ್ದಂತೆ ಅತ್ತರು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ಅವರಿಗೇ ಗೊತ್ತಾಗಲಿಲ್ಲ. ಬಾಗಿಲು ತೆರೆಯಿತು. ಫೋನಕ್ಕ.

‘ಸಾರ್, ಇದು ಗಾಜಿನ ಗೋಡೆ. ಹೊರಗೆ ಎಲ್ಲಾ ಕೆಲಸ ಬಿಟ್ಟು ನೋಡ್ತಿದಾರೆ. ಕಂಪನಿ ಮುಳುಗ್ತಾ, ಇಲ್ಲ ದೊಡ್ಡ ಆರ್ಡರ್ ಬಂತಾ ಅಂತ ಪಂದ್ಯ ಕಟ್ತಿದಾರೆ. ಏನು ಹೇಳ್ಲಿ?’

‘ಎರಡೂ ಅಲ್ಲ ಅಂತ ಹೇಳಿ’ ಎಂದ ಕಡ್ಡಿ, ಮೂಗು ಒರೆಸಿಕೊಳ್ಳುತ್ತ. ಅವರು ಹಲಗೆಯ ಕಡೆ ಒಮ್ಮೆ ನೋಡಿ, ಪೂರ್ತಿ ಓದಿ, ಏನೂ ಹೇಳದೆ ಹೋಗಿ, ನಾಲ್ಕು ದೊಡ್ಡ ಕಾಗದ ತಂದು ಗಾಜಿಗೆ ಅಂಟಿಸಿದರು.

ಅವತ್ತು ಮಧ್ಯಾಹ್ನ ಸೂಪರಣ್ಣ ಯಾವ ಆಹ್ವಾನವನ್ನೂ ಕಳಿಸದೆ ನೇರವಾಗಿ ಕನ್ನಡಕದಂಗಡಿಗೆ ಹೋದ. ಹೆಂಡತಿ ಅವನನ್ನು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿ, ಎದುರಿಗೆ ಬೆಳಗುವ ಅಕ್ಷರಗಳನ್ನು ತೋರಿಸಿ, ‘ಕೊನೇ ಸಾಲು ಓದಿ’ ಎಂದಳು. ಗಿರಾಕಿಗಳಿಗೆ ಹೇಳುವ ದನಿಯಲ್ಲೇ.

‘ಕಣ್ಣು ಸರಿಯಾಗಿದೆ ಕಣೇ. ನಿನ್ನೆ ಹೇಳಿದ್ದು ಪೂರ್ತಿ ಆಗಲಿಲ್ಲ. ಅದಕ್ಕೆ ಬಂದೆ.’

ಅರೆಗತ್ತಲಲ್ಲಿ, ಅವಳ ಮುಖ ಕಾಣದ್ದರಿಂದ, ಹೇಳುವುದು ಸುಲಭವಾಯಿತು. ಕಾಲುಚೀಲದಿಂದ ಎಡಗಾಲಿನವರೆಗೆ ಎಲ್ಲವನ್ನೂ ಹೇಳಿದ. ಹೇಳುವುದು ಮುಗಿದ ಮೇಲೂ ಅವಳು ದೀಪ ಹಾಕಲಿಲ್ಲ. ಹೊರಗೆ ಯಾರೋ ಗಿರಾಕಿ ಕೆಮ್ಮಿದರು.

‘ನಾನು ಅಷ್ಟೇನಾ ಅಂದುಬಿಟ್ಟೆ’ ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

‘ಆ ಕ್ಯಾಲೆಂಡರ್ ಕಳ್ಸಿದ್ದು ನನ್ನದೇ ತಪ್ಪು.’

‘ತಪ್ಪೇ. ನನ್ನ ಜೀವ ಹೋಗಿತ್ತು.’ ಅವಳು ಕತ್ತಲಲ್ಲೇ ಅವನ ಎಡಮೊಣಕಾಲನ್ನು ಹುಡುಕಿ ಹಿಡಿದುಕೊಂಡಳು. ‘ಇದಕ್ಕೇನಾದ್ರೂ ಆದ್ರೆ ನೋಡಿ, ಇನ್ನೊಂದನ್ನ ನಾನೇ ಮುರೀತೀನಿ. ಗುರುವಾರ ಎಷ್ಟು ಗಂಟೆಗೆ?’

ಗುರುವಾರ ಡಾಕ್ಟರ ಹೊರಕೋಣೆಯಲ್ಲಿ ಸೂಪರಣ್ಣ, ಹೆಂಡತಿ, ಕಡ್ಡಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಸೂಪರಣ್ಣನ ಕೈಯಲ್ಲಿ ಲ್ಯಾಪ್‌ಟಾಪು ಇಲ್ಲದ್ದರಿಂದ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ. ಕಡ್ಡಿ ಗೋಡೆಯ ಮೇಲಿನ ಸೂಚನೆಗಳನ್ನು ಎರಡನೇ ಸಲ ಓದುತ್ತಿದ್ದ. ಹೆಸರು ಬರೆದುಕೊಳ್ಳುವ ಹುಡುಗಿ ತಲೆಯೆತ್ತಿ ಮೂವರನ್ನೂ ನೋಡಿದಳು.

‘ಪೇಷಂಟ್ ಯಾರು?’

‘ಇವನು’ ಎಂದ ಸೂಪರಣ್ಣ, ಕಡ್ಡಿಯ ಕಡೆ ಬೆರಳು ತೋರಿಸಿ.

‘ಇವನು’ ಎಂದ ಕಡ್ಡಿ, ಸೂಪರಣ್ಣನ ಕಡೆ ಬೆರಳು ತೋರಿಸಿ, ಅದೇ ಕ್ಷಣಕ್ಕೆ.

ಹುಡುಗಿ ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿದಳು. ‘ಒಬ್ಬರು ಪೇಷಂಟು, ಒಬ್ಬರು ಜೊತೆಗೆ ಬಂದವರು. ಹಾಗೆ ಬರೀಬೇಕು. ಸರಿಯಾಗಿ ಹೇಳಿ.’

ಹೆಂಡತಿ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಹೋದಳು.

‘ಇಬ್ಬರನ್ನೂ ಪೇಷಂಟ್ ಅಂತಲೇ ಬರ್ಕೊಳ್ಳಮ್ಮ’ ಎಂದಳು. ‘ಜೊತೆಗೆ ಬಂದವಳು ನಾನು.’